ಬ್ರೇಕು ಯಾಕೆ ಕಿರುಚುತ್ತದೆ?

ಜತ್ತದಿಂದ ದರಿಬಡಚಿಗೆ ಬಂದ ಬೈಕು ನಿಲ್ಲುವಾಗ ‘ಕುಂಯ್’ ಎಂದು ಕಿರುಚುವುದನ್ನು ಕೇಳಿರಬಹುದು. ಚಕ್ಕಡಿಯ ಗಾಲಿ ಕಿರುಗುಟ್ಟಿದರೆ ಅಚ್ಚಿಗೆ ಕೀಲೆಣ್ಣೆ ಹಾಕ್ತೀವಿ. ಹಂಗೇ ಬ್ರೇಕಿಗೂ ಎಣ್ಣೆ ಬಿಡೋಣ ಅನಿಸಬಹುದು. ಬಿಡಲೇಬ್ಯಾಡ್ರಿ! ಅಚ್ಚಿನಲ್ಲಿ ಘರ್ಷಣೆ ನಮಗೆ ಬೇಡ. ಬ್ರೇಕಿನಲ್ಲಿ ಗಾಡಿ ನಿಲ್ಲಿಸುವುದೇ ಘರ್ಷಣೆ. ಪ್ಯಾಡಿಗೆ ಎಣ್ಣೆ ತಾಗಿದರೆ ಸದ್ದು ನಿಂತೀತು, ಗಾಡಿ ನಿಲ್ಲಲಿಕ್ಕಿಲ್ಲ.

ಸದ್ದು ಹುಟ್ಟುವುದು ಹೇಗೆ? ಖಡುವನ್ನು ಹಲಗೆಗೆ ನೆಟ್ಟಗೆ ಒತ್ತಿ, ಮುಂದಕ್ಕೆ ತಳ್ಳುತ್ತ ಗೆರೆ ಎಳೆಯಿರಿ. ಅದು ಕುಣಿದ ಕಡೆ ಗೆರೆ ಚುಕ್ಕಿ ಚುಕ್ಕಿಯಾಗಿರುತ್ತದೆ. ಖಡು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ಪ್ಯಾಡು ಮತ್ತು ಡಿಸ್ಕಿನ ನಡುವೆಯೂ ಇಂಥದೇ ಆಟ ನಡೆದು, ಡಿಸ್ಕು ಜಾಗಟೆಯಂತೆ ಕಂಪಿಸುತ್ತದೆ. ಆ ಕಿರುಚಾಟದ ಆವೃತ್ತಿ ಸಾಮಾನ್ಯವಾಗಿ 1000 ಹರ್ಟ್ಸ್‌ಗಿಂತ ಹೆಚ್ಚು.

ರೇಸಿನಂಥ ವೇಗದ ಕಾರುಗಳಲ್ಲಿ ಈ ತಕರಾರು ಇನ್ನೂ ಜಾಸ್ತಿ. ಭಾರೀ ಕಾವು ತಡೆಯಲೆಂದು ಅವುಗಳ ಪ್ಯಾಡಿನಲ್ಲಿ ಹೆಚ್ಚಾಗಿ ಲೋಹ ಬೆರೆಸಿರುತ್ತಾರೆ. ತಣ್ಣಗಿದ್ದಾಗ ಅವು ಕೂಗುವುದೇ ಹೆಚ್ಚು. ಅದಕ್ಕೆ ಪ್ಯಾಡಿನ ಬೆನ್ನಿಗೆ ರಬ್ಬರು ಲೇಪಿಸಿದ ತೆಳು ತಗಡು ಕೂಡಿಸುತ್ತಾರೆ, ಪ್ಯಾಡಿನ ಅಂಚನ್ನು ಓರೆ ಮಾಡುತ್ತಾರೆ. ಬಾರಿಸಿದ ಜಾಗಟೆಯನ್ನು ಅಂಗೈಯಿಂದ ಹಿಡಿದಂಗ, ತಗಡು ಕಂಪನವನ್ನು ನುಂಗುತ್ತದೆ. ಘರ್ಷಣೆ ಮಾತ್ರ ಇದ್ದಷ್ಟೇ ಇರುತ್ತದೆ. ಜಾಣತನ ಇರುವುದು ಇಲ್ಲೇ ನೋಡ್ರಿ.

ಎಲ್ಲ ಸದ್ದೂ ಅಡಗಿಸುವಂಥದ್ದಲ್ಲ. ಅನೇಕ ಕಾರುಗಳ ಪ್ಯಾಡಿನಲ್ಲಿ ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟದ್ದು. ಆಗ ಹೊಸ ಪ್ಯಾಡು ಹಾಕಿಸಬೇಕು. ನಿಮ್ಮ ಮನೆಯ ಬೈಕಿನ ಪ್ಯಾಡು ಎಷ್ಟು ದಪ್ಪ ಉಳಿದಿದೆ? ನಿಲ್ಲಿಸಿದ, ಆರಿದ ಗಾಡಿಗೆ ಬ್ಯಾಟರಿ ಬಿಟ್ಟು ನೋಡಿ ಬನ್ರಿ.