ಫಲಿತಾಂಶದ ದಿನ ಮಗು ಮೊದಲು ನೋಡುವುದು ನಿಮ್ಮ ಮುಖವನ್ನು



ಜ್ವರಕ್ಕೋ, ಸೊಂಟನೋವಿಗೋ ತೋರಿಸಲು ಬಂದು, ಸರದಿಗಾಗಿ ಕಾಯುತ್ತಾ ಈ ಪತ್ರಿಕೆಯನ್ನು ಕೈಗೆತ್ತಿಕೊಂಡಿದ್ದೀರಿ. ನಿಮ್ಮ ಮನೆಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿಯನ್ನೋ ದ್ವಿತೀಯ ಪಿಯುಸಿಯನ್ನೋ ಬರೆದ ಮಗ ಅಥವಾ ಮಗಳು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಓದಿದ ಮೇಲೆ ಮನೆಗೆ ಒಯ್ದು ಮನೆಯವರಿಗೂ ಓದಿ ಹೇಳಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಂತೆ ಪರೀಕ್ಷೆಯ ಫಲಿತಾಂಶವೂ ಮನೆಯ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವೇ.

ನಮ್ಮ ಮಲೆನಾಡಿನಲ್ಲಿ ಹೂಮಳೆ ಬಿದ್ದು ಕಾಫಿ ಗಿಡ ಬೆಳ್ಳಗೆ ಅರಳಿದ ಮೇಲೆ ಬರುವುದು ಫಲಿತಾಂಶದ ಕಾಲ. 2025ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ 8ರಂದೂ ಎಸ್ಸೆಸ್ಸೆಲ್ಸಿ ಫಲಿತಾಂಶ ಮೇ 2ರಂದೂ ಬಂದವು. ಹಬ್ಬದ ದಿನಕ್ಕೆ, ಮದುವೆಗೆ ನಾವು ತಿಂಗಳ ಮೊದಲೇ ತಯಾರಿ ಮಾಡುತ್ತೇವೆ. ಈ ಒಂದು ದಿನಕ್ಕೆ ಮಾತ್ರ ಯಾವ ತಯಾರಿಯೂ ಇಲ್ಲದೆ ಕುಳಿತಿರುತ್ತೇವೆ.

ಫಲಿತಾಂಶ ಮಗುವಿನ ಕೈಗೆ ಎಲ್ಲಿ ಸಿಗುತ್ತದೆ?

ಹಿಂದೆ ಶಾಲೆಯ ಗೋಡೆಗೆ ಪಟ್ಟಿ ಅಂಟಿಸುತ್ತಿದ್ದರು. ಮೇಷ್ಟ್ರು ಪಕ್ಕದಲ್ಲೇ ಇರುತ್ತಿದ್ದರು. ಈಗ ಫಲಿತಾಂಶ ಬರುವುದು ಮೊಬೈಲಿಗೆ. ಕುದುರೆಮುಖ, ಸಂಸೆ, ಹೊರನಾಡು ಕಡೆಯ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಇಲ್ಲವೇ ರಸ್ತೆಯ ಯಾವುದೋ ತಿರುವಿಗೆ ಬರಬೇಕು. ಹಾಗಾಗಿ ಮಗು ಕಳಸದ ಕಂಪ್ಯೂಟರ್ ಅಂಗಡಿಯಲ್ಲೋ, ಗೆಳೆಯರ ಫೋನಿನಲ್ಲೋ ಅಂಕ ನೋಡುತ್ತದೆ. ಸುತ್ತಲೂ ಸಹಪಾಠಿಗಳು. ಒಬ್ಬರು ನಗುತ್ತಾರೆ, ಒಬ್ಬರು ಅಳುತ್ತಾರೆ. ಆಮೇಲೆ ಬಸ್ಸು ಹತ್ತಿ, ಇಳಿದು, ತೋಟದ ದಾರಿಯಲ್ಲಿ ಒಂಟಿಯಾಗಿ ನಡೆದು ಮನೆಗೆ ಬರಬೇಕು.

ಅಂಕ ಕಂಡ ಗಳಿಗೆಯಿಂದ ಮನೆಯ ಬಾಗಿಲು ಮುಟ್ಟುವವರೆಗಿನ ಆ ಒಂದೆರಡು ಗಂಟೆ ಮಗುವಿಗೆ ಬಹಳ ಕಷ್ಟದ ಸಮಯ. ಮನಸ್ಸಿನಲ್ಲಿ ಒಂದೇ ಪ್ರಶ್ನೆ: "ಅಪ್ಪ ಏನಂತಾರೆ? ಅಮ್ಮ ಏನಂತಾಳೆ?" ಆದ್ದರಿಂದ ಹಿಂದಿನ ದಿನವೇ ಎರಡು ವಿಷಯ ತೀರ್ಮಾನಿಸಿ. ಮೊದಲನೆಯದು, ಫಲಿತಾಂಶ ನೋಡುವಾಗ ಮಗುವಿನ ಜೊತೆ ಮನೆಯವರೊಬ್ಬರು ಇರಬೇಕು. ಅಪ್ಪನಿಗೆ ಆಗದಿದ್ದರೆ ಅಕ್ಕ, ಮಾವ, ಚಿಕ್ಕಪ್ಪ ಯಾರಾದರೂ ಸರಿ. ಎರಡನೆಯದು, ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಬಾಯಿಬಿಟ್ಟು ಹೇಳಿ: "ನಾಳೆ ಎಷ್ಟೇ ಬರಲಿ, ನೀನು ಸೀದಾ ಮನೆಗೆ ಬಾ. ಮುಂದಿನದನ್ನು ಕೂತು ಯೋಚನೆ ಮಾಡೋಣ." ಮನಸ್ಸಿನಲ್ಲಿ ಇದ್ದರೆ ಸಾಲದು. ನಮ್ಮಲ್ಲಿ ಅಪ್ಪಂದಿರು ಮಾತು ಕಡಿಮೆ. ಆ ಮೌನವನ್ನು ಮಗು ಸಿಟ್ಟು ಎಂದೇ ಓದಿಕೊಳ್ಳುತ್ತದೆ.

ಮೊದಲ ಮಾತು

ಮಗಳೊಬ್ಬಳು ಸಂಜೆ ಮನೆಗೆ ಬಂದಳು ಎಂದಿಟ್ಟುಕೊಳ್ಳಿ. ಗಣಿತದಲ್ಲಿ ಫೇಲಾಗಿದೆ. ಜಗಲಿಯಲ್ಲಿ ಕುಳಿತಿದ್ದ ತಂದೆ ಕೇಳುತ್ತಾರೆ, "ಆಚೆಮನೆ ಹುಡುಗನಿಗೆ ಎಷ್ಟಂತೆ?" ಆಕೆ ಉತ್ತರಿಸದೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ತಂದೆಗೆ ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ಕ್ಷಣಕ್ಕೆ ಆಕೆಗೆ ಕೇಳಿಸಿದ್ದು ಒಂದೇ: ಈ ಮನೆಯಲ್ಲಿ ನನಗಿಂತ ಅಂಕ ದೊಡ್ಡದು.

ಅದೇ ತಂದೆ, "ಬಾ ಮಗಾ, ಕೈಕಾಲು ತೊಳ್ಕೊ. ಅಮ್ಮ ರೊಟ್ಟಿ ಹಾಕ್ತಿದಾಳೆ, ತಿಂದು ಮಾತಾಡೋಣ" ಎಂದಿದ್ದರೆ? ಗಣಿತದ ಅಂಕ ಅಷ್ಟೇ ಇರುತ್ತಿತ್ತು. ಆದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಮೊದಲ ದಿನ ಇಷ್ಟು ಮಾಡಿ:

1. ಬೇರೆಯವರ ಮಕ್ಕಳ ಅಂಕ ಕೇಳಬೇಡಿ, ಹೋಲಿಸಬೇಡಿ.
2. "ನಿನಗಾಗಿ ಇಷ್ಟು ಖರ್ಚು ಮಾಡಿದೆ" ಎಂಬ ಲೆಕ್ಕ ತೆಗೆಯಬೇಡಿ.
3. ಹೊಡೆಯಬೇಡಿ. ಊಟ ಬಿಡಿಸಬೇಡಿ.
4. ಗಂಡ ಹೆಂಡತಿ ಮಗುವಿನ ಎದುರು ಒಬ್ಬರನ್ನೊಬ್ಬರು ದೂರಬೇಡಿ.
5. ನೆಂಟರು ಫೋನು ಮಾಡಿದರೆ ನೀವೇ ಮಾತನಾಡಿ. ಫೋನನ್ನು ಮಗುವಿನ ಕೈಗೆ ಕೊಡಬೇಡಿ.
6. ಅಳು ಬಂದರೆ ಅಳಲು ಬಿಡಿ. ಗಂಡುಮಕ್ಕಳಿಗೂ ಅಳು ಬರುತ್ತದೆ.

ಒಳ್ಳೆಯ ಅಂಕ ಬಂದ ಮಕ್ಕಳ ಪೋಷಕರಿಗೂ ಒಂದು ಮಾತು. ತೊಂಬತ್ತು ಬಂದ ಮಗುವಿಗೆ "ಇನ್ನೈದು ಎಲ್ಲಿ ಹೋಯ್ತು?" ಎಂದು ಕೇಳುವ ಮನೆಗಳೂ ಇವೆ. ಆ ಮಗುವಿನ ನೋವು ಕಡಿಮೆಯದಲ್ಲ.

ಫೇಲಾದರೆ ದಾರಿ ಇದೆ

ಕಾಫಿಗೆ ಒಂದು ಹೂಮಳೆ ಬಂದರೆ ಸಾಲದು, ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬೇಕು ಎಂಬುದು ನಿಮಗೆ ಗೊತ್ತು. ಮೊದಲ ಮಳೆ ನೋಡಿ ಯಾರೂ ತೋಟವನ್ನು ಕೈಬಿಡುವುದಿಲ್ಲ. ಪರೀಕ್ಷೆಯೂ ಹಾಗೆಯೇ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳು ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಅಂಕದ ಬಗ್ಗೆ ಅನುಮಾನವಿದ್ದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ, ಆಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ಸಿಗುವ ಕಾಲಾವಕಾಶ ಕೆಲವೇ ದಿನ. ಮರುದಿನವೇ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಅಥವಾ ಪ್ರಾಂಶುಪಾಲರನ್ನು ಕಂಡು ಕೊನೆಯ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ.

ಹೆಣ್ಣುಮಗಳು ಫೇಲಾದಳೆಂದು ಓದು ಬಿಡಿಸಿ ಮದುವೆಯ ಮಾತು ಎತ್ತಬೇಡಿ. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿನಲ್ಲಿ ಅಪರಾಧ. ಎಳೆಯ ವಯಸ್ಸಿನ ಬಸಿರು ಆಕೆಯ ದೇಹಕ್ಕೂ ಅಪಾಯ.

ಒಂದೇ ಬಾಗಿಲನ್ನು ನಂಬಬೇಡಿ

ಕುದುರೆಮುಖದ ಕಥೆ ನಮಗೆಲ್ಲ ಗೊತ್ತಿರುವುದೇ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾದಾಗ ಅಲ್ಲಿ ಒಂದು ಕೆಲಸ ಸಿಕ್ಕರೆ ಮೂರು ತಲೆಮಾರಿಗೆ ಸಾಕು ಎಂದುಕೊಂಡವರು ಬಹಳ ಮಂದಿ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ತುಂಬಿದ್ದ ಊರು ಖಾಲಿಯಾಯಿತು. ಅಲ್ಲಿದ್ದ ಸಂಸಾರಗಳು ಬೇರೆ ಊರು, ಬೇರೆ ಕೆಲಸ ಹುಡುಕಿಕೊಂಡು ಬದುಕು ಕಟ್ಟಿಕೊಂಡವು. ಶಾಶ್ವತ ಎಂದುಕೊಂಡ ಬಾಗಿಲು ಮುಚ್ಚಬಹುದು, ಆಗಲೂ ಬದುಕು ನಿಲ್ಲುವುದಿಲ್ಲ. ಹಾಗಿರುವಾಗ "ಡಾಕ್ಟರ್ ಇಲ್ಲವೇ ಇಂಜಿನಿಯರ್, ಇಲ್ಲದಿದ್ದರೆ ಮುಗಿಯಿತು" ಎಂದು ಹದಿನೇಳು ವರ್ಷದ ಮಗುವಿಗೆ ಹೇಳುವುದು ಸರಿಯೇ?

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ ಎಲ್ಲರೂ ಸಮಾನರಾಗಿ ಕುಳಿತಿದ್ದರು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಬಸವಾದಿ ಶರಣರು ಬಾಳಿ ತೋರಿಸಿದರು. ನಾವು ಆ ಶರಣರ ಹೆಸರನ್ನು ದಿನವೂ ಹೇಳುತ್ತೇವೆ. ನಮ್ಮ ಮಗ ಐಟಿಐ ಸೇರುತ್ತೇನೆ ಎಂದರೆ ಮಾತ್ರ ತಲೆ ತಗ್ಗಿಸುತ್ತೇವೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಾಲಿಟೆಕ್ನಿಕ್ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ತೋಟಗಾರಿಕೆ ಪದವಿ ಕಾಲೇಜು ನಮ್ಮ ಮೂಡಿಗೆರೆಯಲ್ಲೇ ಇದೆ. ಅಂಥ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲು ಸೀಟುಗಳಿವೆ. ನರ್ಸಿಂಗ್, ಬಿಕಾಂ, ಬಿಎ ಎಲ್ಲವೂ ದಾರಿಗಳೇ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಫಲಿತಾಂಶದ ನಂತರ ಎರಡು ಮೂರು ದಿನ ಮಂಕಾಗಿರುವುದು ಸಹಜ. ಆದರೆ ನಿದ್ದೆ ಊಟ ಬಿಟ್ಟಿರುವುದು, ಯಾರೊಡನೆಯೂ ಮಾತನಾಡದಿರುವುದು, "ನಾನಿದ್ದು ಏನು ಪ್ರಯೋಜನ", "ನಿಮಗೆ ನಾನು ಭಾರ" ಎಂಬಂಥ ಮಾತು, ಪ್ರೀತಿಯ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು, ತುಂಬ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾಗುವುದು, ಇವು ಎಚ್ಚರಿಕೆಯ ಗಂಟೆಗಳು.

ಆಗ ನೇರವಾಗಿ, ಮೆಲ್ಲಗೆ ಕೇಳಿ: "ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೇಳಿದರೆ ಮಗುವಿನ ಎದೆಯ ಭಾರ ಇಳಿಯುತ್ತದೆ. "ಹೌದು" ಎಂದರೆ ಬೈಯಬೇಡಿ, ಬುದ್ಧಿ ಹೇಳಬೇಡಿ. ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಫೋನು ಮಾಡಿ. ಇದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಮನಸ್ಸಿನ ವೈದ್ಯರನ್ನು ಕಂಡರೆ ಹುಚ್ಚು ಎಂದರ್ಥವಲ್ಲ.

ತೋಟದ ಔಷಧಿಗೆ ಬೀಗ ಹಾಕಿ

ಗಿಡಕ್ಕೆ ಹೊಡೆಯುವ ವಿಷವನ್ನು ನಾವು ಔಷಧಿ ಎಂದೇ ಕರೆಯುತ್ತೇವೆ. ಅದು ಗೋದಾಮಿನಲ್ಲೋ, ಕೊಟ್ಟಿಗೆಯ ಅಟ್ಟದಲ್ಲೋ, ಲೈನ್ ಮನೆಯ ಮೂಲೆಯಲ್ಲೋ ಬೀಗವಿಲ್ಲದೆ ಇರುತ್ತದೆ. ಸಾಯುವ ಯೋಚನೆ ಅನೇಕರಿಗೆ ಬಿರುಗಾಳಿಯಂತೆ ಬಂದು ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ದೊಡ್ಡ ಆಸ್ಪತ್ರೆ ದೂರ ಇರುವ ನಮ್ಮಂಥ ಘಟ್ಟದ ಊರುಗಳಲ್ಲಿ ಈ ಬೀಗ ಇನ್ನೂ ಮುಖ್ಯ. ಈ ಪತ್ರಿಕೆಯಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ: ಫಲಿತಾಂಶಕ್ಕೆ ವಾರ ಮೊದಲೇ ಅದನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿರಿ, ಕೀಲಿಕೈ ದೊಡ್ಡವರ ಸೊಂಟದಲ್ಲಿರಲಿ. ಅಜ್ಜ ಅಜ್ಜಿಯ ಮಾತ್ರೆಗಳನ್ನೂ ಎತ್ತಿಡಿ.

ಯಾರಾದರೂ ವಿಷ ಸೇವಿಸಿದ್ದು ತಿಳಿದರೆ ಉಪ್ಪುನೀರು ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಪ್ರಜ್ಞೆ ಇಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ. 108ಕ್ಕೆ ಫೋನು ಮಾಡಿ. ವಾಹನ ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಡಬ್ಬವನ್ನು ಜೊತೆಗೆ ತನ್ನಿ. ಮಾನ ಹೋಗುತ್ತದೆಂದು ಮುಚ್ಚಿಡಬೇಡಿ. ಆರಾಮಾಗಿರುವಂತೆ ಕಂಡರೂ ಆಸ್ಪತ್ರೆಗೆ ಕರೆತನ್ನಿ.

ಕಾಲೇಜು ಸೇರಿಸುವಾಗ

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲು ಇದೆ. ಅವುಗಳ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು.

ಕಾಲೇಜುಗಳ ಆಯ್ಕೆ ಪಟ್ಟಿಯನ್ನು ಮೊದಲು ಕಾಗದದ ಮೇಲೆ ಮಗುವಿನ ಕೈಯಲ್ಲೇ ಬರೆಸಿ, ಜೊತೆಗೆ ಕುಳಿತು ನೋಡಿ, ಆಮೇಲೆ ಕಂಪ್ಯೂಟರಿಗೆ ಹಾಕಿಸಿ. ಪಾಸ್‌ವರ್ಡನ್ನು ಬೇರೆಯವರ ಕೈಗೆ ಒಪ್ಪಿಸಬೇಡಿ. ಸೀಟು ಕೊಡಿಸುತ್ತೇನೆಂದು ಮುಂಗಡ ಕೇಳುವ ದಲ್ಲಾಳಿಗಳನ್ನು ದೂರವಿಡಿ.

ಹಣದ ವಿಷಯವನ್ನು ಮುಚ್ಚಿಡಬೇಡಿ. ನಮ್ಮಲ್ಲಿ ಕಾಫಿ, ಮೆಣಸಿನ ದುಡ್ಡು ಬರುವುದು ಬೇಸಿಗೆಗೆ ಮುಂಚೆ. ಕಾಲೇಜಿನ ಶುಲ್ಕ ಕಟ್ಟಬೇಕಾದದ್ದು ಮಳೆಗಾಲದಲ್ಲಿ, ಕೈಯಲ್ಲಿ ಕಾಸಿಲ್ಲದಾಗ. ಕೂಲಿಯವರಿಗಂತೂ ಮಳೆ ಹಿಡಿದರೆ ಕೆಲಸವೇ ಕಡಿಮೆ. ಆದ್ದರಿಂದ ಕೊಯ್ಲಿನ ಹಣದಲ್ಲೇ ಸ್ವಲ್ಪ ತೆಗೆದಿಡಿ. "ವರ್ಷಕ್ಕೆ ನಮ್ಮಿಂದ ಇಷ್ಟು ಆಗುತ್ತದೆ" ಎಂದು ಆಯ್ಕೆ ಪಟ್ಟಿ ಬರೆಯುವ ಮೊದಲೇ ಮಗುವಿಗೆ ಹೇಳಿ. ಸೀಟು ಸಿಕ್ಕ ಮೇಲೆ "ಆಗುವುದಿಲ್ಲ" ಎನ್ನುವುದಕ್ಕಿಂತ ಇದು ಮೇಲು. ವಿದ್ಯಾರ್ಥಿ ವೇತನ, ಸರ್ಕಾರಿ ವಿದ್ಯಾರ್ಥಿನಿಲಯ, ಮಠಗಳ ಉಚಿತ ಪ್ರಸಾದ ನಿಲಯಗಳ ಬಗ್ಗೆ ವಿಚಾರಿಸಿ.

ಊರು ಬಿಟ್ಟು ಹೋದ ಮೇಲೆ

ಬೆಂಗಳೂರಿಗೋ ಮಂಗಳೂರಿಗೋ ಹೋದ ಮಗುವಿಗೆ ಮೊದಲ ತಿಂಗಳು ಕಷ್ಟ. ಭಾಷೆ, ಊಟ, ಸದ್ದು ಎಲ್ಲ ಬೇರೆ. ವಾರಕ್ಕೆ ಒಂದು ನಿಗದಿತ ಹೊತ್ತಿನಲ್ಲಿ ಫೋನು ಮಾಡಿ. "ಚೆನ್ನಾಗಿ ಓದ್ತಿದೀಯಾ?" ಎನ್ನುವ ಮೊದಲು "ಊಟ ಆಯ್ತಾ? ಗೆಳೆಯರು ಸಿಕ್ಕಿದರಾ?" ಎಂದು ಕೇಳಿ. ಮನೆಯ ನಾಯಿಯ ಸುದ್ದಿ, ಮಳೆಯ ಸುದ್ದಿ ಹೇಳಿ. ಮನೆ ತನ್ನದೇ ಎಂದು ಮಗುವಿಗೆ ಅನಿಸುವುದು ಇಂಥ ಮಾತುಗಳಿಂದ.

ನೆನಪಿಡಿ

ಫಲಿತಾಂಶ ನೋಡುವಾಗ ಜೊತೆಗಿರಿ.
ಮೊದಲ ಮಾತು ಅಂಕದ ಬಗ್ಗೆ ಬೇಡ.
ತೋಟದ ಔಷಧಿಗೆ ಇಂದೇ ಬೀಗ ಹಾಕಿ.
ಮನಸ್ಸಿನ ತೊಂದರೆಗೆ 14416, ಮಕ್ಕಳ ಸಹಾಯವಾಣಿ 1098, ತುರ್ತು ವಾಹನಕ್ಕೆ 108.

ಅಂಕಪಟ್ಟಿಯನ್ನು ಮುಂದಿನ ಪರೀಕ್ಷೆಯಲ್ಲಿ ಸರಿಪಡಿಸಿಕೊಳ್ಳಬಹುದು. ಮಗುವಿಗೆ ಮನೆಯ ಬಾಗಿಲು ತೆರೆದಿರಲಿ. ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.

ಶರಣು ಶರಣಾರ್ಥಿ.