ಮುದ್ರಕದ ಮುಂದೆ ನಿಂತ ಸಾಲು

ಕಳೆದ ಜೂನ್ ತಿಂಗಳಿನ ಒಂದು ಬೆಳಗ್ಗೆ, ಜಡಿಮಳೆ ಹಿಡಿದಿದ್ದಾಗ, ನಮ್ಮ ಶಾಲೆಯ ಕಚೇರಿಯ ಜಗಲಿಯಲ್ಲಿ ಇಪ್ಪತ್ತು ಮಂದಿ ಹೆತ್ತವರು ಕೊಡೆ ಮಡಚಿ ನಿಂತಿದ್ದರು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಮಕ್ಕಳ ವರ್ಗಾವಣೆ ಪತ್ರ ಅವರಿಗೆ ಬೇಕಾಗಿದ್ದಿತು. ಅಂದು ಸಂಜೆಯೊಳಗೆ ಅದನ್ನು ಮುಂದಿನ ಶಾಲೆಗೆ ಒಪ್ಪಿಸದಿದ್ದಲ್ಲಿ ದೊರೆತ ಸ್ಥಾನ ಕೈಬಿಟ್ಟುಹೋಗುವ ಭಯ. ಬೀಡಿ ಕಟ್ಟುವ ತಾಯಿಯೊಬ್ಬರು ದಿನದ ಕೂಲಿಯನ್ನು ಬಿಟ್ಟು ಬಂದಿದ್ದರು. ಗುಮಾಸ್ತರು ಮೊದಲನೆಯ ಹುಡುಗನ ಪತ್ರವನ್ನು ಮುದ್ರಣಕ್ಕೆ ಕಳುಹಿಸಿದರು; ಏನೂ ಬರಲಿಲ್ಲ. ಮತ್ತೊಮ್ಮೆ ಒತ್ತಿದರು, ಬರಲಿಲ್ಲ. ಹೀಗೆ ಎಂಟು ಸಲ ಒತ್ತಿದ ಮೇಲೆ ಉಳಿದವರ ಪತ್ರಗಳನ್ನೂ ಕಳುಹಿಸಿ ನೋಡಿದರು, ಮುದ್ರಕವನ್ನು ಆರಿಸಿ ಹೊತ್ತಿಸಿದರು, ಕಾಗದವನ್ನು ತೆಗೆದು ಕೊಡವಿ ಮತ್ತೆ ಇಟ್ಟರು. ಮಧ್ಯಾಹ್ನ ಮೂರು ಗಂಟೆಗೆ ದೋಷವೇನೆಂಬುದು ತಿಳಿದಾಗ ಅದನ್ನು ಸರಿಪಡಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.

ಯಂತ್ರವು ಕೆಟ್ಟಿರಲಿಲ್ಲ. ಕೆಟ್ಟಿದ್ದುದು ಎಲ್ಲಿ ಎಂದು ಹುಡುಕುವ ಕ್ರಮ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ, ಅಷ್ಟೆ. ಆ ಕ್ರಮವನ್ನು ಅನಂತರ ಕಲಿತುಕೊಂಡೆವು. ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ, ಮನೆಯಲ್ಲಿಯೋ ಅಂಗಡಿಯಲ್ಲಿಯೋ ಇಂಥ ಯಂತ್ರಗಳೊಡನೆ ವ್ಯವಹರಿಸಬೇಕಾದ ಪೋಷಕರಿಗೂ ಅದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸಾಲು ಎಂದರೇನು ಎಂಬುದನ್ನು ತಿಳಿಯೋಣ. ಭತ್ತದ ಗಿರಣಿಯನ್ನು ನೀವೆಲ್ಲರೂ ನೋಡಿದ್ದೀರಿ. ಗೋಣಿಯನ್ನು ಹೊತ್ತು ತಂದವರು ಯಂತ್ರದ ಮುಂದೆ ಕಾದು ಕುಳಿತಿರುವುದಿಲ್ಲ. ಗೋಣಿಗೆ ಹೆಸರಿನ ಚೀಟಿ ಕಟ್ಟಿ, ಗಿರಣಿಯವನ ವಶಕ್ಕೆ ಒಪ್ಪಿಸಿ, ತಮ್ಮ ಕೆಲಸಕ್ಕೆ ಹೋಗುತ್ತಾರೆ. ಗಿರಣಿಯವನು ಬಂದ ಕ್ರಮದಲ್ಲಿ ಒಂದೊಂದಾಗಿ ಗೋಣಿಯನ್ನು ಬಿಚ್ಚಿ ಯಂತ್ರಕ್ಕೆ ಸುರಿಯುತ್ತಾನೆ. ಮೊದಲನೆಯ ಗೋಣಿಯಲ್ಲಿ ಒಂದು ಕಲ್ಲು ಇದ್ದು ಯಂತ್ರದ ಬಾಯಿಗೆ ಸಿಕ್ಕಿಕೊಂಡಿತೆನ್ನಿ. ಹಿಂದಿನ ಗೋಣಿಗಳ ಭತ್ತ ಎಷ್ಟೇ ಹಸನಾಗಿದ್ದರೂ ಅವು ಅಲ್ಲಿಯೇ ಉಳಿಯುತ್ತವೆ. ಗಣಕದ ಮುದ್ರಣವೂ ಹೀಗೆಯೇ ನಡೆಯುತ್ತದೆ. ನಾವು ಮುದ್ರಿಸು ಎಂದು ಆಜ್ಞಾಪಿಸಿದೊಡನೆ ಬರಹವು ನೇರವಾಗಿ ಮುದ್ರಕಕ್ಕೆ ಹೋಗುವುದಿಲ್ಲ. ಸ್ಪೂಲರ್ ಎಂಬ ಗಿರಣಿಯವನು ಅದನ್ನು ತಟ್ಟೆಯ ಮೇಲೆ, ಅಂದರೆ ಡಿಸ್ಕಿನಲ್ಲಿ, ಒಂದು ಕಡತವಾಗಿ ಶೇಖರಿಸಿಡುತ್ತಾನೆ. ಕೌತುಕದ ಸಂಗತಿಯೆಂದರೆ ಗೋಣಿಯೂ ಚೀಟಿಯೂ ಇಲ್ಲಿ ಬೇರೆಬೇರೆಯಾಗಿಯೇ ಇರುತ್ತವೆ. ವಿಂಡೋಸ್ ಗಣಕದಲ್ಲಿ ಎಸ್‌ಪಿಎಲ್ ಎಂಬ ಬಾಲವುಳ್ಳ ಕಡತವು ಗೋಣಿ. ಎಸ್‌ಎಚ್‌ಡಿ ಎಂಬುದು ಚೀಟಿ. ಯಾರು ಕಳುಹಿಸಿದರು, ಯಾವ ಮುದ್ರಕಕ್ಕೆ ಎಂಬ ವಿವರವೆಲ್ಲ ಚೀಟಿಯಲ್ಲಿರುತ್ತದೆ.

ಈ ಪದ್ಧತಿ ಹೊಸತೇನಲ್ಲ. 1960ರ ದಶಕದಲ್ಲಿ ನಾಸಾ ಸಂಸ್ಥೆಯ ಹ್ಯೂಸ್ಟನ್ ಕೇಂದ್ರದಲ್ಲಿ ಐಬಿಎಂ ಗಣಕಗಳಿಗಾಗಿ ಹ್ಯಾಸ್ಪ್ ಎಂಬ ಇಂಥ ವ್ಯವಸ್ಥೆಯೊಂದನ್ನು ರಚಿಸಿದ್ದರು. ಗಣಕವು ಅತಿ ವೇಗದ್ದು, ಮುದ್ರಕವು ನಿಧಾನದ್ದು. ವೇಗದವನು ನಿಧಾನದವನಿಗಾಗಿ ಕಾಯದಿರಲೆಂದೇ ನಡುವೆ ಈ ಉಗ್ರಾಣ.

ಇನ್ನು ಟರ್ಮಿನಲ್ ಸರ್ವರ್ ಎಂಬುದರ ವಿಚಾರ. ಪ್ರತಿಯೊಂದು ಮೇಜಿಗೂ ಪೂರ್ಣ ಗಣಕವನ್ನು ಕೊಳ್ಳುವಷ್ಟು ಅನುಕೂಲ ನಮ್ಮಂಥ ಶಾಲೆಗಳಿಗೆ ಇರುವುದಿಲ್ಲ. ಆದುದರಿಂದ ಒಂದು ಬಲವಾದ ಗಣಕವನ್ನು ಕೋಣೆಯ ಮೂಲೆಯಲ್ಲಿ ಇರಿಸಿ, ಉಳಿದ ಹಳೆಯ ಯಂತ್ರಗಳನ್ನು ಅದರ ಕಣ್ಣು ಮತ್ತು ಬೆರಳುಗಳಂತೆ ಮಾತ್ರ ಬಳಸುವುದುಂಟು. ಬರಹ, ಲೆಕ್ಕ, ಚಿತ್ರ ಎಲ್ಲವೂ ನಡೆಯುವುದು ಆ ಒಂದರಲ್ಲಿಯೇ. ಮೈಕ್ರೋಸಾಫ್ಟ್ ಕಂಪೆನಿಯು 1998ರಲ್ಲಿ ವಿಂಡೋಸ್ ಎನ್‌ಟಿಯ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಹೊರತಂದಿತು. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ 1999ರಲ್ಲಿ ಎಲ್‌ಟಿಎಸ್‌ಪಿ ಎಂಬ ಯೋಜನೆ ಆರಂಭವಾಯಿತು. ಖರ್ಚು ಉಳಿಯುವುದು ನಿಜ. ಆದರೆ ಇಪ್ಪತ್ತು ಮಂದಿಗೆ ಒಬ್ಬನೇ ಗಿರಣಿಯವನಾದುದರಿಂದ, ಒಬ್ಬನ ಗೋಣಿಯ ಕಲ್ಲಿಗೆ ಇಪ್ಪತ್ತು ಮಂದಿಯೂ ಉಪವಾಸ ಬೀಳುತ್ತಾರೆ. ಟರ್ಮಿನಲ್ ಸರ್ವರಿನ ಮುದ್ರಣ ದೋಷವು ಮನೆಯ ಒಂಟಿ ಗಣಕದ ದೋಷಕ್ಕಿಂತ ಗಂಭೀರವಾಗುವುದು ಈ ಕಾರಣದಿಂದ.

ಸಾಲು ನಿಂತಾಗ ಮಾಡಬಾರದ ಕೆಲಸವೆಂದರೆ ಮತ್ತೆಮತ್ತೆ ಒತ್ತುವುದು. ಪ್ರತಿ ಒತ್ತಿಗೂ ಹೊಸ ಗೋಣಿಯೊಂದು ಸಾಲಿಗೆ ಸೇರುತ್ತದೆ, ಬೇರೇನೂ ಆಗುವುದಿಲ್ಲ. ಮಾಡತಕ್ಕುದು ಏನೆಂದರೆ, ದೂರದ ಕೊನೆಯಿಂದ ಹಿಂದಕ್ಕೆ ನಡೆದು ಬರುವುದು: ಮೊದಲು ಮುದ್ರಕ, ಅನಂತರ ದಾರಿ, ಆಮೇಲೆ ಸ್ಪೂಲರ್, ಕಟ್ಟಕಡೆಗೆ ನಮ್ಮ ಮೇಜು.

ಮುದ್ರಕದ ಬಳಿಗೆ ಹೋಗಿ ಕಾಗದ, ಮಸಿ, ಮುಚ್ಚಳ ನೋಡಿರಿ. ಮುಂದಿನ ಚಿಕ್ಕ ಫಲಕದಲ್ಲಿ ಏನಾದರೂ ಬರೆದಿದ್ದರೆ ಓದಿರಿ; ಅದನ್ನು ಓದದೆ ಗಣಕವನ್ನು ಬೈಯುವವರೇ ಹೆಚ್ಚು. ಅನಂತರ ಮುದ್ರಕದ ಸ್ವಂತ ಗುಂಡಿಗಳಿಂದ ಪರೀಕ್ಷಾ ಪುಟವನ್ನು ತೆಗೆಯಿರಿ. ಗಣಕದ ನೆರವಿಲ್ಲದೆ ಆ ಪುಟ ಹೊರಬಿದ್ದರೆ ಮುದ್ರಕ ಆರೋಗ್ಯವಾಗಿದೆಯೆಂದು ಅರ್ಥ. ಆ ಪುಟವನ್ನು ಎಸೆಯಬೇಡಿರಿ. ಜಾಲಕ್ಕೆ ಜೋಡಿಸಿದ ಮುದ್ರಕಗಳಲ್ಲಿ ಸಾಮಾನ್ಯವಾಗಿ ಆ ಪುಟದಲ್ಲಿಯೋ ಅದರ ಜೊತೆಯ ವಿವರ ಪುಟದಲ್ಲಿಯೋ ಮುದ್ರಕದ ವಿಳಾಸ, ಚುಕ್ಕೆಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಾಗಿ, ಅಚ್ಚಾಗಿರುತ್ತದೆ.

ನಮ್ಮ ಅಂದಿನ ಅನರ್ಥಕ್ಕೆಲ್ಲ ಕಾರಣ ಆ ನಾಲ್ಕು ಸಂಖ್ಯೆಗಳೇ. ಹಿಂದಿನ ರಾತ್ರಿ ಗುಡುಗಿಗೆ ವಿದ್ಯುತ್ತು ಹೋಗಿತ್ತು. ಬೆಳಗ್ಗೆ ವಿದ್ಯುತ್ತು ಮರಳಿದಾಗ, ಕಟ್ಟಡದ ಯಂತ್ರಗಳಿಗೆಲ್ಲ ವಿಳಾಸ ಹಂಚುವ ರೌಟರ್ ಪೆಟ್ಟಿಗೆಯು ಮುದ್ರಕಕ್ಕೆ ಹೊಸ ಸಂಖ್ಯೆಯೊಂದನ್ನು ಕೊಟ್ಟುಬಿಟ್ಟಿತು. ಸರ್ವರ್ ಮಾತ್ರ ಹಳೆಯ ಸಂಖ್ಯೆಯ ಬಾಗಿಲನ್ನೇ ತಟ್ಟುತ್ತಿತ್ತು. ಬಾಡಿಗೆದಾರನು ಮನೆ ಬದಲಾಯಿಸಿದ್ದಾನೆ, ಅಂಚೆಯವನಿಗೆ ಹೇಳಿಲ್ಲ! ಇದನ್ನು ಕಂಡುಹಿಡಿಯುವುದಕ್ಕೆ ಪಿಂಗ್ ಎಂಬ ಆಜ್ಞೆ ಸಾಕು. ಸರ್ವರಿನಲ್ಲಿ ಪಿಂಗ್ ಎಂದು ಬರೆದು ಸಂಖ್ಯೆಯನ್ನು ಸೇರಿಸಿದರೆ, ಆ ವಿಳಾಸದಲ್ಲಿ ಯಾರಾದರೂ ಇದ್ದಲ್ಲಿ ಉತ್ತರ ಬರುತ್ತದೆ. ಹಳೆಯ ಸಂಖ್ಯೆಗೆ ಉತ್ತರ ಬರಲಿಲ್ಲ. ಪರೀಕ್ಷಾ ಪುಟದ ಸಂಖ್ಯೆಗೆ ಒಡನೆಯೇ ಬಂದಿತು. ಮುದ್ರಕದ ಗುಣಲಕ್ಷಣಗಳ ಹಾಳೆಯಲ್ಲಿ ಪೋರ್ಟ್ ಎಂಬ ಭಾಗಕ್ಕೆ ಹೋಗಿ ಸಂಖ್ಯೆಯನ್ನು ತಿದ್ದಿದೆವು. ಈಗ ರೌಟರಿನಲ್ಲಿಯೇ ಆ ಸಂಖ್ಯೆಯನ್ನು ಮುದ್ರಕದ ಹೆಸರಿಗೆ ಕಾಯಂ ಆಗಿ ಕಾದಿರಿಸಿದ್ದೇವೆ.

ಪಿಂಗ್‌ಗೆ ಉತ್ತರ ಬಂದರೂ ಸಾಲು ಕದಲದೆ ಇರುವುದುಂಟು. ಮುದ್ರಕವು ಬರಹವನ್ನು ಸ್ವೀಕರಿಸುವ ಬಾಗಿಲು ಸಾಮಾನ್ಯವಾಗಿ 9100ನೆಯದು. ಅನೇಕ ಮುದ್ರಕಗಳು ಆ ಬಾಗಿಲಿನಲ್ಲಿ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತವೆ. ಯಾರೋ ಸರ್ವರನ್ನು ತಪ್ಪಿಸಿ ತಮ್ಮ ಮಡಿಲ ಗಣಕದಿಂದ ನೇರವಾಗಿ ಮುದ್ರಿಸುತ್ತಿದ್ದರೆ ಸರ್ವರಿನ ಸಾಲು ಹೊರಗೆ ನಿಲ್ಲುತ್ತದೆ. ಇನ್ನೊಂದು ಮೋಸವೂ ಉಂಟು. ವಿಂಡೋಸ್ ಗಣಕವು ಎಸ್‌ಎನ್‌ಎಂಪಿ ಎಂಬ ಬೇರೊಂದು ಭಾಷೆಯಲ್ಲಿ ಮುದ್ರಕದ ಕುಶಲವನ್ನು ವಿಚಾರಿಸುತ್ತದೆ. ಮುದ್ರಕವು ಆ ಭಾಷೆಗೆ ಉತ್ತರಿಸದಿದ್ದರೆ, ಅದು ಎದುರಿಗೆ ಜೀವಂತವಾಗಿ ನಿಂತಿದ್ದರೂ ಆಫ್‌ಲೈನ್ ಎಂದು ತೀರ್ಮಾನಿಸಿ ಕಳುಹಿಸುವುದನ್ನೇ ನಿಲ್ಲಿಸಬಹುದು. ಪೋರ್ಟಿನ ವಿವರಗಳಲ್ಲಿ ಆ ವಿಚಾರಣೆಯ ಗುರುತನ್ನು ತೆಗೆದರೆ ಸಾಲು ಹರಿಯತೊಡಗುತ್ತದೆ.

ದಾರಿ ಸರಿಯಾಗಿದ್ದಲ್ಲಿ ಗಿರಣಿಯವನ ಕಡೆ ತಿರುಗಬೇಕು. ಸಾಲನ್ನು ತೆರೆದು ತಲೆಯ ಭಾಗದ ಕೆಲಸವನ್ನಷ್ಟೇ ಮೊದಲು ರದ್ದುಮಾಡಿರಿ. ಬಹಳ ಸಲ ಅಷ್ಟರಿಂದಲೇ ಹಿಂದಿನವು ಹೊರಡುತ್ತವೆ. ಕೆಲವೊಮ್ಮೆ ಆ ಕೆಲಸವು ಅಳಿಸಲಾಗುತ್ತಿದೆ ಎಂಬ ಮಾತನ್ನು ತೋರಿಸುತ್ತ ಗಂಟೆಗಟ್ಟಲೆ ಹಾಗೆಯೇ ಕುಳಿತಿರುತ್ತದೆ, ಸಾಯುವುದೂ ಇಲ್ಲ, ಏಳುವುದೂ ಇಲ್ಲ. ಆಗ ಮುದ್ರಕವನ್ನು ಆರಿಸಿರಿ, ಏಕೆಂದರೆ ಅರ್ಧ ನುಂಗಿದ ಬರಹ ಅದರ ಹೊಟ್ಟೆಯಲ್ಲಿ ಉಳಿದಿರಬಹುದು. ಸರ್ವರಿನಲ್ಲಿ ಆಡಳಿತಾಧಿಕಾರವುಳ್ಳವರು ನೆಟ್ ಸ್ಟಾಪ್ ಸ್ಪೂಲರ್ ಎಂಬ ಆಜ್ಞೆಯಿಂದ ಗಿರಣಿಯವನನ್ನು ನಿಲ್ಲಿಸಬೇಕು. ವಿಂಡೋಸ್ ಕೋಶದೊಳಗಿನ ಸಿಸ್ಟಂ 32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಕೋಶದಲ್ಲಿರುವ ಗೋಣಿ ಚೀಟಿಗಳನ್ನು ಅಳಿಸಬೇಕು, ಕೋಶವನ್ನೇ ಅಳಿಸಬಾರದು. ಬಳಿಕ ನೆಟ್ ಸ್ಟಾರ್ಟ್ ಸ್ಪೂಲರ್, ಅನಂತರ ಮುದ್ರಕವನ್ನು ಹೊತ್ತಿಸುವುದು. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಟರ್ಮಿನಲ್ ಸರ್ವರಿನಲ್ಲಿ ಆ ಕೋಶವು ಎಲ್ಲರದು. ಅದನ್ನು ಬರಿದುಮಾಡಿದರೆ ಪಕ್ಕದ ಕೋಣೆಯ ಅಧ್ಯಾಪಕರ ಅಂಕಪಟ್ಟಿಯೂ ಹೋಯಿತೆಂದೇ ತಿಳಿಯಿರಿ. ಮೊದಲು ಎಲ್ಲರಿಗೂ ಹೇಳಿ, ಆಮೇಲೆ ಕೈಹಾಕಿರಿ. ಸಾಲದುದಕ್ಕೆ ಡಿಸ್ಕಿನಲ್ಲಿ ಸ್ಥಳ ಉಳಿದಿದೆಯೋ ಎಂದು ನೋಡಿರಿ; ಉಗ್ರಾಣ ತುಂಬಿದ್ದರೆ ಹೊಸ ಗೋಣಿ ಇಳಿಸಲು ಎಡೆಯೆಲ್ಲಿ?

ಲಿನಕ್ಸ್ ಗಣಕದಲ್ಲಿ ಈ ಉದ್ಯೋಗವನ್ನು ವಹಿಸಿರುವುದು ಕಪ್ಸ್ ಎಂಬ ತಂತ್ರಾಂಶ. ಎಲ್‌ಪಿಸ್ಟಾಟ್ ಎಂಬ ಆಜ್ಞೆ ಸಾಲಿನ ಸ್ಥಿತಿಯನ್ನು ತಿಳಿಸುತ್ತದೆ, ಕ್ಯಾನ್ಸಲ್ ಎಂಬುದು ಕೆಲಸವನ್ನು ರದ್ದುಮಾಡುತ್ತದೆ. ಇಲ್ಲಿ ಅನೇಕರು ಎಡವುವ ಸ್ಥಳವೊಂದಿದೆ. ದೋಷ ಕಂಡೊಡನೆ ಮುದ್ರಕವನ್ನು ನಿಲ್ಲಿಸು ಎಂಬ ನೀತಿ ಜಾರಿಯಲ್ಲಿದ್ದರೆ, ಸಿಕ್ಕಿದ ಕಾಗದವನ್ನು ನಾವು ತೆಗೆದ ಮೇಲೂ ಸಾಲು ತಾನಾಗಿ ಹೊರಡುವುದಿಲ್ಲ. ಕಪ್ಸ್‌ಎನೇಬಲ್ ಎಂಬ ಆಜ್ಞೆಯನ್ನು ಕೊಟ್ಟು ಎಬ್ಬಿಸಬೇಕು.

ಕಡೆಯದಾಗಿ ನಮ್ಮ ಮೇಜು. ದೂರದಿಂದ ಟರ್ಮಿನಲ್ ಸರ್ವರಿಗೆ ಸೇರಿಕೊಂಡವರು ತಮ್ಮ ಮನೆಯ ಮುದ್ರಕವನ್ನೂ ಆ ಸಂಪರ್ಕದೊಡನೆ ಕೊಂಡೊಯ್ಯಬಹುದು. ಆಗ ಮುದ್ರಕದ ಹೆಸರಿನ ಕೊನೆಗೆ ಮರುನಿರ್ದೇಶಿತ ಎಂಬ ಮಾತೂ ಒಂದು ಅಂಕಿಯೂ ಸೇರಿರುತ್ತವೆ. ಆ ಅಂಕಿ ಅಂದಂದಿನ ಸಂಪರ್ಕದ್ದು. ನಿನ್ನೆಯ ಹೆಸರನ್ನು ಇಂದು ಹುಡುಕಿದರೆ ಸಿಕ್ಕಲಾರದು. ಬರಹ ದಾಟಿಬರುವ ಮುನ್ನವೇ ಸಂಪರ್ಕ ಮುಚ್ಚಿದರೆ ಮುದ್ರಣವೂ ಅಲ್ಲಿಗೇ ಮುಗಿಯಿತು. ಇಂಥ ನೂರು ಬಗೆಯ ಮುದ್ರಕಗಳ ಚಾಲಕ ತಂತ್ರಾಂಶಗಳನ್ನು ಒಂದೇ ಸರ್ವರಿನಲ್ಲಿ ತುಂಬಿದಾಗ, ಒಂದು ಕೆಟ್ಟ ಚಾಲಕವು ಸ್ಪೂಲರನ್ನೇ ಕೆಡವಿ ಎಲ್ಲರ ಸಾಲನ್ನೂ ನಿಲ್ಲಿಸುತ್ತಿತ್ತು. 2008ರ ವಿಂಡೋಸ್ ಸರ್ವರಿನಲ್ಲಿ ಈಸಿ ಪ್ರಿಂಟ್ ಎಂಬ ಸಾಮಾನ್ಯ ಚಾಲಕವೂ, ಅದರ ಮುಂದಿನ ಆವೃತ್ತಿಯಲ್ಲಿ ಚಾಲಕಗಳನ್ನು ಪ್ರತ್ಯೇಕ ಕೋಣೆಯಲ್ಲಿ ಕೂಡಿಹಾಕುವ ಏರ್ಪಾಡೂ ಬಂದದ್ದು ಈ ಪೀಡೆಯ ನಿವಾರಣೆಗಾಗಿ. 2021ರಲ್ಲಿ ಸ್ಪೂಲರಿನಲ್ಲಿಯೇ ಅಪಾಯಕರವಾದ ಬಿರುಕೊಂದು ಬಯಲಾದ ತರುವಾಯ, ಆಡಳಿತಾಧಿಕಾರವಿಲ್ಲದವರು ಮುದ್ರಕದ ಚಾಲಕವನ್ನು ಸ್ಥಾಪಿಸದಂತೆ ವಿಂಡೋಸ್ ನಿರ್ಬಂಧಿಸಿತು. ನಮ್ಮನ್ನೇಕೆ ಬಿಡುವುದಿಲ್ಲವೆಂದು ಕೇಳುವ ಹುಡುಗರು ಇದನ್ನು ಗಮನಿಸಬೇಕು.

ನಿಂತ ಸಾಲಿನ ಮೇಲೆ ಕೋಪಗೊಂಡವರಲ್ಲಿ ನಾವೇ ಮೊದಲಿಗರಲ್ಲ. ಅಮೆರಿಕೆಯ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರಿದ್ದರು. ಹಳೆಯ ಮುದ್ರಕದಲ್ಲಿ ಕಾಗದ ಸಿಕ್ಕಿದಾಗ, ಸಾಲಿನಲ್ಲಿ ಕಾಯುತ್ತಿದ್ದವರಿಗೆಲ್ಲ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ಅವರು ತಿದ್ದಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಕಂಪೆನಿಯ ಹೊಸ ಮುದ್ರಕ ಬಂದಿತು. ಅದರ ತಂತ್ರಾಂಶದ ಮೂಲ ಬರಹವನ್ನು ಅವರಿಗೆ ಕೊಡಲಿಲ್ಲ. ತಮ್ಮ ಎದುರಿನ ಯಂತ್ರವನ್ನು ತಾವೇ ಸರಿಪಡಿಸಿಕೊಳ್ಳುವ ಹಕ್ಕಿಲ್ಲದೆ ಹೋದ ಆ ಅನುಭವ ಅವರ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದರೊಡನೆ ಕೂಡಿಕೊಂಡಿತು. ಕೇರಳದಲ್ಲಿ 2001ರಲ್ಲಿ ಮೊದಲಾಗಿ 2017ರಿಂದ ಕೈಟ್ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಶಾಲಾ ಗಣಕ ಯೋಜನೆಯು ಆ ಸ್ವತಂತ್ರ ತಂತ್ರಾಂಶವನ್ನೇ ಆರಿಸಿಕೊಂಡಿದೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳು ಪ್ರಯೋಗಾಲಯದಲ್ಲಿ ಪ್ರತಿದಿನ ತೆರೆಯುವ ಪರದೆಯ ಹಿಂದೆ ಹೀಗೊಂದು ಸಿಕ್ಕಿದ ಕಾಗದದ ಕತೆಯಿದೆ.

ಅಂದು ವಿಳಾಸ ತಿದ್ದಿದೊಡನೆ ಸಾಲು ಹೊರಟಿತು. ಮೊದಲು ಬಂದವು ಒಬ್ಬನೇ ಹುಡುಗನ ಎಂಟು ವರ್ಗಾವಣೆ ಪತ್ರಗಳು, ಉಳಿದವರದು ಆಮೇಲೆ. ಬೀಡಿ ಕಟ್ಟುವ ತಾಯಿಯೂ ಇನ್ನೊಬ್ಬರೂ ನಿರಾಶರಾಗಿ ಎರಡು ಗಂಟೆಯ ಬಸ್ಸಿಗೆ ಹೊರಟುಹೋಗಿದ್ದರು. ಅವರ ಪತ್ರಗಳನ್ನು ಅಧ್ಯಾಪಕರೊಬ್ಬರು ಮಳೆಯಲ್ಲಿ ಬೈಕಿನ ಮೇಲೆ ಕೊಂಡೊಯ್ದು, ಮುಂದಿನ ಶಾಲೆಯ ಬಾಗಿಲು ಹಾಕುವ ಮುನ್ನ ಒಪ್ಪಿಸಿ ಬಂದರು. ಹೆಚ್ಚಾಗಿ ಬಂದ ಏಳು ಪ್ರತಿಗಳನ್ನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ರದ್ದುಗೊಳಿಸಿ ಕಡತದಲ್ಲಿ ಇರಿಸಿದ್ದೇವೆ. ಮುದ್ರಕದ ನೆತ್ತಿಯ ಮೇಲೆ ಅದರ ವಿಳಾಸದ ನಾಲ್ಕು ಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿಯೂ ಇಂಗ್ಲಿಷ್ ಅಂಕಿಗಳಲ್ಲಿಯೂ ಬರೆದ ಚೀಟಿಯೊಂದು ಈಗ ಅಂಟಿಕೊಂಡಿದೆ. ಬರೆದವಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ.