ಐವತ್ತರ ನಂತರ ಪಿಯಾನೊ: ಎಡಗೈಯನ್ನು ಕಾಯಿಸಬೇಡಿ

ನಿವೃತ್ತಿಯ ನಂತರ ಕೀಬೋರ್ಡ್ ಕೊಂಡು ಕಲಿಯಲು ಕೂತವರು ಒಂದೇ ಜಾಗದಲ್ಲಿ ಎಡವುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಬಲಗೈಯಲ್ಲಿ ನಾಲ್ಕಾರು ಹಾಡುಗಳ ಪಲ್ಲವಿ ಚೆನ್ನಾಗಿಯೇ ಬರುತ್ತದೆ. ಎಡಗೈ ಸೇರಿಸಿ ಎಂದ ಕೂಡಲೇ ಎರಡೂ ಕೈ ನಿಂತುಬಿಡುತ್ತವೆ. ‘ವಯಸ್ಸಾಯಿತು, ಬೆರಳು ಮಾತು ಕೇಳುವುದಿಲ್ಲ’ ಎಂದು ವಾದ್ಯಕ್ಕೆ ಬಟ್ಟೆ ಹೊದಿಸುತ್ತಾರೆ. ವಯಸ್ಸನ್ನು ದೂರಿ ಫಲವಿಲ್ಲ, ಕಲಿತ ಕ್ರಮವೇ ತಪ್ಪು.

ಮೊದಲು ವಾದ್ಯದ ಮಾತು. ತಂತಿಯ ಪಿಯಾನೊಗೆ ಜಾಗ ಬೇಕು, ವರ್ಷಕ್ಕೆ ಒಂದೆರಡು ಸಲ ಟ್ಯೂನಿಂಗ್ ಬೇಕು. ಮನೆಗೆ 88 ಕೀಗಳ ಡಿಜಿಟಲ್ ಪಿಯಾನೊ ಸಾಕು, ಆದರೆ ಒತ್ತಿದರೆ ಬೆರಳಿಗೆ ಭಾರ ತಿಳಿಯುವ ‘ವೆಯ್ಟೆಡ್ ಕೀ’ ಇರಲಿ. ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ 61 ಕೀಗಳ ಕೀಬೋರ್ಡಿನಲ್ಲೇ ಶುರು ಮಾಡಿ. ಹೇಗೆ ಒತ್ತಿದರೂ ಒಂದೇ ದನಿ ಕೊಡುವ ಮಾಡೆಲ್ ಮಾತ್ರ ಬೇಡ. ಮಂಚದ ಮೇಲಿಟ್ಟು ಬಗ್ಗಿ ನುಡಿಸಬೇಡಿ. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು.

ಎರಡು ಕಪ್ಪು ಕೀ ಜೊತೆಯಾಗಿರುವ ಕಡೆ, ಅವುಗಳ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀಯೇ ‘ಸಿ’. ಅದನ್ನು ಷಡ್ಜವೆಂದು ಹಿಡಿದು ಬಿಳಿ ಕೀಗಳನ್ನೇ ಸಾಲಾಗಿ ನುಡಿಸಿದರೆ ಶಂಕರಾಭರಣದ ಸ್ವರಗಳು. ರಿ ಮತ್ತು ಧ ಎರಡನ್ನು ಮಾತ್ರ ಎಡಪಕ್ಕದ ಕಪ್ಪು ಕೀಗೆ ಇಳಿಸಿದರೆ ಮಾಯಾಮಾಳವಗೌಳ. ಸಂಗೀತ ಬಲ್ಲವರಿಗೆ ಇಷ್ಟು ಸಾಕು. ಗಮಕ ಮಾತ್ರ ಈ ವಾದ್ಯದಲ್ಲಿ ಬಾರದು. ಕೀರ್ತನೆ ನುಡಿಸುವ ಆಸೆಯಿದ್ದರೆ ವೀಣೆಯನ್ನೋ ಪಿಟೀಲನ್ನೋ ಹಿಡಿಯಿರಿ ಎಂಬುದೇ ನನ್ನ ಸಲಹೆ.

ಇನ್ನು ಎಡಗೈ. ‘ಬಲಗೈ ಪಳಗಲಿ, ಆಮೇಲೆ ನೋಡೋಣ’ ಎನ್ನುವ ಮಾತಿಗೆ ಕಿವಿಗೊಡಬೇಡಿ. ಆರು ತಿಂಗಳು ಒಂಟಿಯಾಗಿ ಓಡಿದ ಬಲಗೈ, ಆಮೇಲೆ ಎಡಗೈಗಾಗಿ ನಿಧಾನಿಸಲು ಒಪ್ಪುವುದಿಲ್ಲ. ಮೊದಲ ದಿನವೇ ಎಡಗೈ ಕಿರುಬೆರಳನ್ನು ಕೆಳಸ್ಥಾಯಿಯ ಷಡ್ಜದ ಮೇಲೂ ಹೆಬ್ಬೆರಳನ್ನು ಅದರ ಪಂಚಮದ ಮೇಲೂ ಇಟ್ಟು ಒಟ್ಟಿಗೆ ಒತ್ತಿಹಿಡಿಯಿರಿ. ತಂಬೂರಿಯ ಹಾಗೆ ಶ್ರುತಿ ನಿಲ್ಲುತ್ತದೆ. ಅದರ ಮೇಲೆ ಬಲಗೈಯ ಐದು ಬೆರಳಲ್ಲಿ ಸರಿಗಮಪ, ಪಮಗರಿಸ ನಿಧಾನವಾಗಿ ನುಡಿಸಿ. ಪಿಯಾನೊದ ನಾದ ತಾನಾಗಿ ಇಳಿಯುತ್ತದೆ, ನಾಲ್ಕು ಸ್ವರಕ್ಕೊಮ್ಮೆ ಎಡಗೈಯಲ್ಲಿ ಮತ್ತೆ ಒತ್ತಿ. ಇದು ಕೂತ ಮೇಲೆ ಎಡಗೈಯಲ್ಲಿ ಸ, ಪ ಬಿಡಿಬಿಡಿಯಾಗಿ ಬರಲಿ.

ಹೊಸ ಹಾಡು ಎತ್ತಿಕೊಂಡಾಗ ಇಡೀ ಹಾಡು ಜೋಡಿಸಲು ಹೋಗಬೇಡಿ. ಒಂದೇ ಸಾಲು ಸಾಕು. ಎಡಗೈ ಬೇರೆ, ಬಲಗೈ ಬೇರೆ, ಆಮೇಲೆ ಅರ್ಧ ವೇಗದಲ್ಲಿ ಎರಡೂ. ಮೆಟ್ರೊನೋಮ್ 60ರಲ್ಲಿರಲಿ, ತಪ್ಪಿದರೆ ಇನ್ನೂ ಇಳಿಸಿ. ತಪ್ಪಿದಾಗಲೆಲ್ಲ ಮೊದಲಿನಿಂದ ಶುರು ಮಾಡಿದರೆ ಹಾಡಿನ ತಲೆ ಮಾತ್ರ ಚೆನ್ನಾಗಿ ಬರುತ್ತದೆ. ತಪ್ಪಿದ ಜಾಗವನ್ನಷ್ಟೇ ತಿರುವಿಹಾಕಿ. ಒಂದು ಬೆರಳಿಟ್ಟರೆ ಇಡೀ ವಾದ್ಯಗೋಷ್ಠಿ ಕೇಳಿಸುವ ಆಟೋ ರಿದಮ್ ಬಟನ್ ಮುಟ್ಟಲೇಬೇಡಿ. ಎಡಗೈಯನ್ನು ಸೋಮಾರಿಯಾಗಿಸುವುದು ಅದೇ.

ಬೆರಳುಗಳಿಗೆ ಸಂಖ್ಯೆಯಿದೆ, ಎರಡೂ ಕೈಯಲ್ಲಿ ಹೆಬ್ಬೆರಳೇ 1. ಬಲಗೈಯಲ್ಲಿ ಸಪ್ತಕ ಏರುವಾಗ 1-2-3, ಹೆಬ್ಬೆರಳನ್ನು ಒಳಗಿನಿಂದ ದಾಟಿಸಿ ಮತ್ತೆ 1-2-3-4-5. ಎಡಗೈಯಲ್ಲಿ 5-4-3-2-1, ಅಲ್ಲಿ ನಡುಬೆರಳು ಹೆಬ್ಬೆರಳ ಮೇಲಿನಿಂದ ದಾಟಿ 3-2-1. ಈ ಕ್ರಮವನ್ನು ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಕೀಗಳ ಮೇಲೆ ಅಂಟಿಸಿದ ಸ್ಟಿಕ್ಕರ್‌ಗಳನ್ನು ತಿಂಗಳೊಳಗೆ ಕಿತ್ತುಹಾಕಿ.

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ಗಂಟುಗಳು ನೋಯತೊಡಗಿದರೆ ಅಂದಿಗೆ ನಿಲ್ಲಿಸಿ. ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು, ವೈದ್ಯರಿಗೆ ತೋರಿಸಿ. ಗುರುಗಳನ್ನು ಹುಡುಕುವಾಗ ಎಡಗೈ ಯಾವಾಗ ಶುರುವೆಂದು ಮೊದಲೇ ಕೇಳಿ. ಪರೀಕ್ಷೆ ಕಡ್ಡಾಯವಲ್ಲ. ಕಟ್ಟುವ ಮನಸ್ಸಿದ್ದರೆ, ಟ್ರಿನಿಟಿ ಮತ್ತು ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗಳು ಭಾರತದಲ್ಲೂ ನಡೆಯುತ್ತವೆ, ಗರಿಷ್ಠ ವಯಸ್ಸಿನ ಮಿತಿ ಎರಡಕ್ಕೂ ಇಲ್ಲ.